ಊರಿನಿಂದ ಬರುವ ಪಾರ್ಸೆಲ್ಲೂ ಇಲ್ಲಿ ಕಟ್ಟುವ ಸುಂಕವೂ: ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಬ್ರಿಟನ್ನಿಗೆ ಬಂದು ಮನೆ ಹೂಡಿದ ಕೆಲವೇ ತಿಂಗಳಲ್ಲಿ ಊರಿನಿಂದ ಒಂದು ಪಾರ್ಸೆಲ್ ಹೊರಡುತ್ತದೆ. ಹಬ್ಬಕ್ಕೆ ಸೀರೆ, ಮಗುವಿಗೆ ಲಂಗ, ಹುಳಿಪುಡಿ, ಸಾರಿನಪುಡಿ, ನಾಲ್ಕು ಕಾದಂಬರಿ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಆದರೆ ಬಾಗಿಲಿಗೆ ಬರುವುದು ಪೆಟ್ಟಿಗೆಯಲ್ಲ, ಇಷ್ಟು ಹಣ ಕಟ್ಟಿ ಬಿಡಿಸಿಕೊಳ್ಳಿ ಎನ್ನುವ ಒಂದು ಚೀಟಿ. ಪ್ರತಿ ವರ್ಷ ಹೊಸದಾಗಿ ಬಂದವರು ಆ ಚೀಟಿಯನ್ನು ಹಿಡಿದುಕೊಂಡು ನಮ್ಮಂಥ ಹಳಬರನ್ನು ಕೇಳುವುದರಿಂದ, ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇರುವವರಿಗೆ ಅನ್ವಯಿಸುವಂತೆ ಇದನ್ನು ಬರೆಯುತ್ತಿದ್ದೇನೆ. ಉತ್ತರ ಐರ್ಲೆಂಡಿನ ನಿಯಮಗಳಲ್ಲಿ ವ್ಯತ್ಯಾಸಗಳಿವೆ.

ಮೊದಲು ತಿಳಿದಿರಬೇಕಾದದ್ದು, ಆ ಚೀಟಿಯಲ್ಲಿರುವ ಮೊತ್ತ ಒಂದೇ ತೆರಿಗೆಯದಲ್ಲ. ಅದರಲ್ಲಿ ಕಸ್ಟಮ್ಸ್ ಸುಂಕ ಇರಬಹುದು, ವ್ಯಾಟ್ ಇರಬಹುದು, ಇವೆರಡನ್ನೂ ಸರ್ಕಾರಕ್ಕೆ ಕಟ್ಟಿಕೊಟ್ಟದ್ದಕ್ಕೆ ಅಂಚೆಯವರೋ ಕೊರಿಯರ್‌ನವರೋ ವಿಧಿಸುವ ನಿರ್ವಹಣಾ ಶುಲ್ಕವಂತೂ ಇದ್ದೇ ಇರುತ್ತದೆ. ರಾಯಲ್ ಮೇಲ್ ಬಹಳ ವರ್ಷಗಳಿಂದ ಇದಕ್ಕೆ 8 ಪೌಂಡ್ ತೆಗೆದುಕೊಳ್ಳುತ್ತ ಬಂದಿದೆ. ಖಾಸಗಿ ಕೊರಿಯರ್‌ಗಳ ಶುಲ್ಕ ಒಬ್ಬೊಬ್ಬರದು ಒಂದೊಂದು ಬಗೆ. ಎರಡು ಪೌಂಡಿನ ತೆರಿಗೆ ಬಂದರೂ ನಿರ್ವಹಣಾ ಶುಲ್ಕ ಪೂರ್ತಿ ಬೀಳುವುದರಿಂದ ಸಣ್ಣ ಪಾರ್ಸೆಲ್ಲುಗಳಲ್ಲಿ ತೆರಿಗೆಗಿಂತ ಅದನ್ನು ವಸೂಲು ಮಾಡುವ ಕೂಲಿಯೇ ಹೆಚ್ಚಾಗಿ ತೋರುತ್ತದೆ.

ಇನ್ನು ಲೆಕ್ಕದ ವಿಷಯ. ನಾನು ಇಲ್ಲಿಗೆ ಬಂದ 2013ರಲ್ಲಿ ಹೊರದೇಶದಿಂದ ತರಿಸುವ 15 ಪೌಂಡ್‌ವರೆಗಿನ ಸರಕಿಗೆ ವ್ಯಾಟ್ ಇರಲಿಲ್ಲ. 2021ರ ಜನವರಿ 1ರಿಂದ ಆ ವಿನಾಯಿತಿ ಹೋಯಿತು. ಈಗ ನೀವು ಹಣ ಕೊಟ್ಟು ತರಿಸುವ ಸರಕಿನ ಬೆಲೆ 135 ಪೌಂಡ್ ಮೀರದಿದ್ದರೆ ಕಸ್ಟಮ್ಸ್ ಸುಂಕ ಬರುವುದಿಲ್ಲ, ಆದರೆ ಅದರ ವ್ಯಾಟನ್ನು ಮಾರುವವನೇ ಬಿಲ್ಲಿನಲ್ಲಿ ಸೇರಿಸಿ ಇಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಟ್ಟಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು ಇದನ್ನು ತಾವಾಗಿಯೇ ಮಾಡುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸೀರೆಯ ಚಿತ್ರ ಕಳಿಸಿ ಆರ್ಡರ್ ತೆಗೆದುಕೊಳ್ಳುವ ಚಿಕ್ಕಪೇಟೆಯ ಅಂಗಡಿಗೆ ಈ ನಿಯಮವೊಂದು ಇದೆಯೆಂಬುದೇ ತಿಳಿದಿರುವುದಿಲ್ಲ. ಹಾಗಾದಾಗ ಆ ವ್ಯಾಟನ್ನು ಇಲ್ಲಿ ನಿಮ್ಮಿಂದಲೇ ವಸೂಲು ಮಾಡುವ ಸಂಭವವಿದೆ, ಅದರ ಹಿಂದೆಯೇ ನಿರ್ವಹಣಾ ಶುಲ್ಕವೂ ಬರುತ್ತದೆ. ಬಿಲ್ಲಿನಲ್ಲಿ ವ್ಯಾಟ್ ಆಗಲೇ ಕಟ್ಟಿದ್ದರೆ ಆ ಬಿಲ್ಲನ್ನು ಪಾರ್ಸೆಲ್ ಕೈಸೇರುವವರೆಗೆ ಜೋಪಾನ ಮಾಡಿ, ಏಕೆಂದರೆ ಅದೇ ತೆರಿಗೆಯನ್ನು ಎರಡನೆಯ ಸಲ ಕೇಳಿದಾಗ ತೋರಿಸಲು ನಿಮ್ಮ ಬಳಿ ಇರುವ ಆಧಾರ ಅದೊಂದೇ.

ಬೆಲೆ 135 ಪೌಂಡ್ ದಾಟಿದ ಮೇಲೆ ಸುಂಕವೂ ವ್ಯಾಟೂ ಎರಡೂ ಬರುತ್ತವೆ, ಮತ್ತು ಒಂದರ ಮೇಲೆ ಇನ್ನೊಂದು ಕೂರುತ್ತದೆ. ಬೆಂಗಳೂರಿನಿಂದ 180 ಪೌಂಡ್ ಬೆಲೆಯ ಹೊಲಿದ ಉಡುಪನ್ನು 20 ಪೌಂಡ್ ಸಾಗಣೆ ಕೊಟ್ಟು ತರಿಸಿದಿರಿ ಎಂದಿಟ್ಟುಕೊಳ್ಳೋಣ. ಸುಂಕದ ಲೆಕ್ಕ ಸಾಗಣೆಯನ್ನೂ ಸೇರಿಸಿ 200 ಪೌಂಡಿನ ಮೇಲೆ ನಡೆಯುತ್ತದೆ. ಹೆಚ್ಚಿನ ಸಿದ್ಧ ಉಡುಪುಗಳಿಗೆ ಇರುವ ಸಾಮಾನ್ಯ ದರವಾದ ಶೇ. 12ರಂತೆ ಸುಂಕ 24 ಪೌಂಡ್. ವ್ಯಾಟನ್ನು ಸುಂಕವೂ ಸೇರಿದ 224 ಪೌಂಡಿನ ಮೇಲೆ ಶೇ. 20ರಂತೆ ಹಾಕುವುದರಿಂದ ಅದು 44.80 ಪೌಂಡ್ ಆಗುತ್ತದೆ. 8 ಪೌಂಡ್ ನಿರ್ವಹಣಾ ಶುಲ್ಕ ಸೇರಿದರೆ ನೀವು ಕಟ್ಟಬೇಕಾದದ್ದು ಒಟ್ಟು 76.80 ಪೌಂಡ್. ರೂಪಾಯಿಯಲ್ಲಿ ಬರೆದ ಬೆಲೆಯನ್ನು ಎಚ್‌ಎಂಆರ್‌ಸಿ ತಿಂಗಳಿಗೊಮ್ಮೆ ಪ್ರಕಟಿಸುವ ವಿನಿಮಯ ದರದಲ್ಲಿ ಪೌಂಡಿಗೆ ಬದಲಿಸುತ್ತಾರೆಯೇ ಹೊರತು ನಿಮ್ಮ ಬ್ಯಾಂಕಿನ ಆ ದಿನದ ದರದಲ್ಲಿ ಅಲ್ಲ. ಮಿತಿಯ ಅಂಚಿನಲ್ಲಿರುವ ಬೆಲೆಗಳಿಗೆ ಇದು ಮುಖ್ಯ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ನಡುವಿನ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ, ಇನ್ನು ಊರಿನ ಪಾರ್ಸೆಲ್ಲಿಗೆ ತೆರಿಗೆಯೇ ಇಲ್ಲವೆಂದು ಹಲವರು ಸಂತೋಷಪಟ್ಟರು. ಇಂಥ ಒಪ್ಪಂದ ಇಳಿಸುವುದು ಕಸ್ಟಮ್ಸ್ ಸುಂಕವನ್ನು, ಅದೂ ಸರಕು ಭಾರತದಲ್ಲೇ ತಯಾರಾದದ್ದು ಎಂಬುದಕ್ಕೆ ಸರಿಯಾದ ಪುರಾವೆ ಇದ್ದಾಗ. ವ್ಯಾಟಿಗೆ ಅದು ಕೈ ಹಚ್ಚುವುದಿಲ್ಲ.

ಅಪ್ಪ ಅಮ್ಮ ಕಳಿಸುವ ಉಡುಗೊರೆಗೆ ಬೇರೆ ನಿಯಮವಿದೆ, ಮತ್ತು ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಹಬ್ಬ ಇಂಥ ಸಂದರ್ಭಕ್ಕಾಗಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸಿದ, ಸ್ವಂತ ಬಳಕೆಯ ವಸ್ತು ಮಾತ್ರ ಉಡುಗೊರೆ. ಅಂಗಡಿಯವನೇ ನೇರವಾಗಿ ನಿಮಗೆ ಕಳಿಸಿದರೆ, ಹಣ ಕೊಟ್ಟವರು ನಿಮ್ಮ ಮಾವನವರೇ ಆಗಿದ್ದರೂ, ಅದು ಉಡುಗೊರೆ ಎನಿಸುವುದಿಲ್ಲ. ನಿಜವಾದ ಉಡುಗೊರೆಯ ಬೆಲೆ 39 ಪೌಂಡ್ ಮೀರದಿದ್ದರೆ ವ್ಯಾಟ್ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ನಾಲ್ಕು ಸಾವಿರ ರೂಪಾಯಿ ಚಿಲ್ಲರೆ. ಆದರೆ 50 ಪೌಂಡಿನ ಉಡುಗೊರೆ ಬಂದರೆ ಹೆಚ್ಚಾದ 11 ಪೌಂಡಿಗೆ ಮಾತ್ರವಲ್ಲ, ಇಡೀ 50 ಪೌಂಡಿಗೆ ವ್ಯಾಟ್ ಬೀಳುತ್ತದೆ. 135 ಪೌಂಡ್ ದಾಟಿ 630ರವರೆಗೆ ಉಡುಗೊರೆಯ ಸುಂಕ ಶೇ. 2.5ರ ಸರಳ ದರದಲ್ಲಿ ಇರುತ್ತದೆ, ಅಥವಾ ಆ ವಸ್ತುವಿನ ದರ ಇನ್ನೂ ಕಡಿಮೆಯಿದ್ದರೆ ಅಷ್ಟೇ. ಮದ್ಯಕ್ಕೂ ತಂಬಾಕಿಗೂ ಉಡುಗೊರೆಯ ಈ ವ್ಯಾಟ್ ರಿಯಾಯಿತಿ ಸಿಗುವುದಿಲ್ಲ.

ಒಂದೇ ಪೆಟ್ಟಿಗೆಯಲ್ಲಿ ಮನೆಯ ನಾಲ್ವರಿಗೂ ಉಡುಗೊರೆ ಇದ್ದರೆ 39 ಪೌಂಡಿನ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಸಿಗುತ್ತದೆ, ಆದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕಟ್ಟಿ, ಮೇಲೆ ಅವರವರ ಹೆಸರು ಬರೆದು, ಘೋಷಣಾ ಪತ್ರದಲ್ಲಿಯೂ ಬೇರೆಬೇರೆ ಸಾಲಿನಲ್ಲಿ ನಮೂದಿಸಿರಬೇಕು. ಇದನ್ನು ಮಾಡಬಲ್ಲವರು ಊರಿನಲ್ಲಿರುವವರು ಮಾತ್ರ. ಅದಕ್ಕಾಗಿಯೇ ಹೊಸಬರಿಗೆ ನಾನು ಹೇಳುವುದು, ಪಾರ್ಸೆಲ್ ಇಲ್ಲಿಗೆ ಬಂದ ಮೇಲೆ ನೀವು ಮಾಡಬಹುದಾದದ್ದು ಬಹಳ ಕಡಿಮೆ, ಅದರ ಹಣೆಬರಹ ಊರಿನ ಅಂಚೆ ಕಚೇರಿಯ ಕೌಂಟರಿನಲ್ಲೇ ಬರೆದಾಗಿರುತ್ತದೆ ಎಂದು.

ನನ್ನ ಮೊದಲ ಪಾರ್ಸೆಲ್ಲಿನ ಘೋಷಣಾ ಪತ್ರ ಇನ್ನೂ ನನ್ನ ಬಳಿ ಇದೆ. ಸಿಎನ್ 23 ಎಂಬ ಆ ನಮೂನೆಯಲ್ಲಿ ವಸ್ತುವಿನ ವಿವರಣೆ, ಸಂಖ್ಯೆ, ತೂಕ, ಬೆಲೆ, ತಯಾರಾದ ದೇಶ ಇವಕ್ಕೆಲ್ಲ ಒಂದೊಂದು ಅಂಕಣವಿದೆ. ಭಾವನವರು ಅಷ್ಟು ಅಂಕಣಗಳಿಗೂ ಅಡ್ಡವಾಗಿ, ಬಾಲ್‌ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ ‘ಹಳೆಯ ಬಟ್ಟೆ ಮತ್ತು ತಿಂಡಿ, 500 ರೂಪಾಯಿ’ ಎಂದು ಬರೆದುಬಿಟ್ಟಿದ್ದರು. ಒಳಗಿದ್ದದ್ದು ಎರಡು ರೇಷ್ಮೆ ಸೀರೆ, ಅಂಗಡಿಯ ಬೆಲೆಚೀಟಿ ಸಹಿತ. ಪೆಟ್ಟಿಗೆಯನ್ನು ಇಲ್ಲಿ ಬಿಚ್ಚಿ, ಬೆಲೆಚೀಟಿ ನೋಡಿ, ತೆರಿಗೆ ಹಾಕಿ, ಮತ್ತೆ ಟೇಪು ಸುತ್ತಿ ಕಳಿಸಿದ್ದರು. ನಾನು ಕಟ್ಟಿದ ಹಣದ ಬಗ್ಗೆ ದೂರಿಲ್ಲ, ಅದು ನ್ಯಾಯವಾಗಿಯೇ ಬರಬೇಕಾಗಿದ್ದದ್ದು. ಆದರೆ ಬೆಲೆ ಸುಳ್ಳು ಬರೆದ ಪಾರ್ಸೆಲ್ಲನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವೂ ಅವರಿಗಿದೆ, ಮತ್ತು ಅದು ದಾರಿಯಲ್ಲಿ ಕಳೆದುಹೋದರೆ ಪರಿಹಾರ ಕೇಳುವಾಗ ನಾವೇ ಬರೆದ 500 ರೂಪಾಯಿಯನ್ನು ದಾಟಿ ಮಾತಾಡುವ ಹಾಗಿಲ್ಲ ಎಂಬುದನ್ನು ಆಮೇಲೆ ಭಾವನವರಿಗೂ ವಿವರಿಸಬೇಕಾಯಿತು. ಈಗ ಕಳಿಸುವ ಹಿಂದಿನ ದಿನ ಫೋನಿನಲ್ಲಿ ಪಟ್ಟಿ ಓದುತ್ತೇವೆ: ಹೊಸ ಹತ್ತಿ ಸೀರೆ 1, ಇಷ್ಟು ಬೆಲೆ, ಮಗುವಿನ ಉಡುಪು 2, ವಯಸ್ಸು 5, ಮುದ್ರಿತ ಪುಸ್ತಕ 4.

ಹೀಗೆ ಬಿಡಿಬಿಡಿಯಾಗಿ ಬರೆಯುವುದರಿಂದ ಹಣವೂ ಉಳಿಯುತ್ತದೆ. ಮಕ್ಕಳ ಉಡುಪಿಗೆ ಇಲ್ಲಿ ವ್ಯಾಟ್ ದರ ಸೊನ್ನೆ. ಮಸಾಲೆ ಪುಡಿಗಳಿಗೂ ಸೊನ್ನೆ, ಸಿಹಿತಿಂಡಿಗೆ ಮಾತ್ರ ಶೇ. 20. ಮುದ್ರಿತ ಪುಸ್ತಕಕ್ಕೆ ವ್ಯಾಟೂ ಇಲ್ಲ, ಸುಂಕವೂ ಇಲ್ಲ. ಬೆಂಗಳೂರಿನಿಂದ ಕನ್ನಡ ಪುಸ್ತಕಗಳನ್ನು ನಿಶ್ಚಿಂತೆಯಿಂದ ತರಿಸಿಕೊಳ್ಳಬಹುದು ಎಂಬುದು ಈ ದೇಶದ ತೆರಿಗೆಗಳಲ್ಲಿ ನಾನು ಮನಸಾರೆ ಮೆಚ್ಚಿದ ಒಂದೇ ಅಂಶ. ‘ಬಟ್ಟೆ, ಪುಸ್ತಕ ಇತ್ಯಾದಿ’ ಎಂದು ಒಟ್ಟಾಗಿ ಬರೆದರೆ ಈ ಸೊನ್ನೆ ದರಗಳು ಲೆಕ್ಕಕ್ಕೆ ಬರದೆ ಹೋಗಬಹುದು.

ತುಪ್ಪ, ಖೋವಾ, ಧಾರವಾಡ ಪೇಡ ಮೊದಲಾದ ಹಾಲಿನ ಪದಾರ್ಥಗಳನ್ನು ಭಾರತದಿಂದ ಅಂಚೆಯಲ್ಲಿ ತರಿಸುವುದೂ ಕೈಯಲ್ಲಿ ತರುವುದೂ ನಿಷಿದ್ಧ. ಇದು ತೆರಿಗೆ ಕಟ್ಟಿ ಬಿಡಿಸಿಕೊಳ್ಳುವ ವಿಷಯವೇ ಅಲ್ಲ. ಸಿಕ್ಕಿದರೆ ವಶಪಡಿಸಿಕೊಂಡು ನಾಶ ಮಾಡುತ್ತಾರೆ. ಅಮ್ಮ ಕಾಯಿಸಿದ ತುಪ್ಪ ಕಸಕ್ಕೆ ಹೋಯಿತೆಂದು ಆಕೆಗೆ ಹೇಳುವ ಸಂಕಟ ಬೇಡವೆಂದಿದ್ದರೆ ಮೊದಲೇ ಬೇಡವೆನ್ನುವುದು ಲೇಸು.

ಚೀಟಿ ಬಂದ ಮೇಲೆ ಹಣ ಕಟ್ಟಲು ಸಾಮಾನ್ಯವಾಗಿ ಮೂರು ವಾರ ಸಮಯವಿರುತ್ತದೆ, ಆಮೇಲೆ ಪಾರ್ಸೆಲ್ ಕಳಿಸಿದವರಿಗೇ ವಾಪಸು ಹೋಗುತ್ತದೆ. ಕೆಲವು ಕೊರಿಯರ್‌ಗಳು ತಾವೇ ತೆರಿಗೆ ಕಟ್ಟಿ, ಪೆಟ್ಟಿಗೆ ಮನೆಗೆ ತಲುಪಿಸಿ, ಬಿಲ್ಲನ್ನು ತಡವಾಗಿ ಕಳಿಸುತ್ತವೆ. ನನಗೊಮ್ಮೆ ಆರು ವಾರದ ಮೇಲೆ ಬಂತು, ಅಷ್ಟರಲ್ಲಿ ಪೆಟ್ಟಿಗೆ ಎಸೆದಾಗಿತ್ತು. ಇನ್ನು 1.99 ಪೌಂಡ್ ಕಟ್ಟಿದರೆ ಪಾರ್ಸೆಲ್ ಬಿಡುತ್ತೇವೆ ಎಂದು ಮೊಬೈಲಿಗೆ ಲಿಂಕ್ ಸಹಿತ ಬರುವ ಸಂದೇಶಗಳು ಬಹುಪಾಲು ಮೋಸದವು. ಲಿಂಕ್ ಒತ್ತದೆ 7726ಕ್ಕೆ ಅದನ್ನು ಉಚಿತವಾಗಿ ಮುಂದೆ ಕಳಿಸಿ, ನಿಮ್ಮ ಪಾರ್ಸೆಲ್ಲಿನ ಸಂಖ್ಯೆಯನ್ನು ಅಂಚೆಯ ಅಥವಾ ಕೊರಿಯರ್‌ನ ಜಾಲತಾಣದಲ್ಲಿ ನೀವೇ ಹಾಕಿ ನೋಡಿ.

ಊರಿನ ಮನೆ ಖಾಲಿ ಮಾಡಿ ಸಾಮಾನುಗಳನ್ನೆಲ್ಲ ಹಡಗಿನಲ್ಲಿ ತರಿಸುವವರಿಗೆ ವಾಸಸ್ಥಳ ಬದಲಾವಣೆಯ ವಿನಾಯಿತಿ ಇದೆ. 12 ತಿಂಗಳಿಗೂ ಹೆಚ್ಚು ಕಾಲ ಬ್ರಿಟನ್ನಿನ ಹೊರಗೆ ವಾಸವಿದ್ದು, 6 ತಿಂಗಳಾದರೂ ಬಳಸಿದ ವಸ್ತುಗಳಾಗಿದ್ದರೆ ಸುಂಕವೂ ವ್ಯಾಟೂ ಇಲ್ಲದೆ ತರಬಹುದು. ಇಲ್ಲಿಗೆ ಬಂದ 12 ತಿಂಗಳೊಳಗೆ ತರಬೇಕು, ತಂದ ಮೇಲೆ 12 ತಿಂಗಳು ಮಾರುವ ಹಾಗಿಲ್ಲ. ಹೊರಡುವ ಗಡಿಬಿಡಿಯಲ್ಲಿ ಕೊಂಡ ಹೊಸ ಮಿಕ್ಸಿ, ಕುಕ್ಕರ್ ಇದರಲ್ಲಿ ಸೇರುವುದಿಲ್ಲ. ಟಿಒಆರ್ 1 ಎಂಬ ಈ ಅರ್ಜಿಗೆ ಸಾಮಾನು ಹಡಗು ಹತ್ತುವ ಮೊದಲೇ ಒಪ್ಪಿಗೆ ಪಡೆದುಕೊಳ್ಳಿ.

ತೆರಿಗೆ ತಪ್ಪಾಗಿ ಹಾಕಿದ್ದಾರೆ ಎನಿಸಿದರೆ, ಇಲ್ಲವೇ ಸರಕನ್ನು ಹಿಂದಿರುಗಿಸಿದರೆ, ಮರುಪಾವತಿ ಕೇಳಬಹುದು. ರಾಯಲ್ ಮೇಲ್ ಅಥವಾ ಪಾರ್ಸೆಲ್‌ಫೋರ್ಸ್ ತಂದ ಪಾರ್ಸೆಲ್ಲಿಗೆ ಬಿಒಆರ್ 286 ನಮೂನೆ, ಕೊರಿಯರ್ ತಂದದ್ದಕ್ಕೆ ಸಿ 285. ಪೆಟ್ಟಿಗೆಯ ಮೇಲಿನ ಘೋಷಣಾ ಪತ್ರವನ್ನೂ ಶುಲ್ಕದ ಚೀಟಿಯನ್ನೂ ಬಿಲ್ಲನ್ನೂ ಇದಕ್ಕಾಗಿ ತೆಗೆದಿಡಬೇಕು. ಆದ್ದರಿಂದ ಪೆಟ್ಟಿಗೆ ಬಂದ ಕೂಡಲೇ ಒಳಗೇನಿದೆ ಎಂಬ ಆತುರದಲ್ಲಿ ಮೇಲ್ಭಾಗವನ್ನು ಹರಿಯದೆ, ಚೀಟಿ ಅಂಟಿಸಿರುವ ರಟ್ಟನ್ನು ಕತ್ತರಿಯಿಂದ ಪೂರ್ತಿಯಾಗಿ ಕತ್ತರಿಸಿ, ಬಿಲ್ಲಿನ ಜೊತೆಗೆ ಪಿನ್ ಮಾಡಿ ಇಟ್ಟುಕೊಳ್ಳಿ.