ಎಡ ಫೋರ್, ಮೋರಿ, ಹುಷಾರ್

ನಮ್ಮ ಮಾರುತಿ ಜಿಪ್ಸಿ ಜೀಪು ಮೊದಲನೇ ರ‍್ಯಾಲಿಯಲ್ಲಿ ಒಂದು ಮಾರು ದೂರವೂ ಓಡಲಿಲ್ಲ. ಸ್ಕ್ರೂಟಿನಿಯಲ್ಲೇ, ಅಂದರೆ ಓಟಕ್ಕೆ ಮೊದಲಿನ ಗಾಡಿ ತಪಾಸಣೆಯಲ್ಲೇ, ವಾಪಸ್ ಕಳಿಸಿದರು.

ಕೈಕೊಟ್ಟಿದ್ದು ರೋಲ್ ಕೇಜು. ಗಾಡಿ ಮಗುಚಿದಾಗ ಒಳಗಿನವರನ್ನು ಕಾಪಾಡುವ ಪೈಪಿನ ಪಂಜರ ಅದು. ನಾವು ಅದನ್ನು ಗೇಟು, ಗ್ರಿಲ್ ಮಾಡುವ ಒಬ್ಬರ ಹತ್ತಿರ ಮಾಡಿಸಿದ್ದೆವು. ಬೆಸುಗೆ ನೀಟಾಗಿತ್ತು. ಹಳದಿ ಬಣ್ಣ ಬೇರೆ ಹೊಡೆಸಿದ್ದೆವು. ತಪಾಸಣೆಯವರು ಬಣ್ಣ ನೋಡಲಿಲ್ಲ. ಪೈಪಿನ ಉದ್ದಕ್ಕೂ ಬೆರಳು ಸವರಿ, ‘ನೀರು ಬಿಡೋಕೆ ಚೆನ್ನಾಗಿದೆ’ ಅಂದರು. ಬೆಸುಗೆಯ ಗೆರೆ ಇಲ್ಲದ ಸೀಮ್‌ಲೆಸ್ ಉಕ್ಕಿನ ಪೈಪೇ ಆಗಬೇಕು ಅನ್ನೋದು ನಿಯಮ. ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ. ಇಲ್ಲವೇ 50ರ ವ್ಯಾಸ, 2ರ ದಪ್ಪ. ರೂಲ್ ಬುಕ್ ನಮ್ಮ ಹತ್ತಿರವೇ ಇತ್ತು. ಎಂಜಿನ್ ಬಗ್ಗೆ ಇದ್ದ ಪುಟಗಳು ಓದಿ ಓದಿ ಮೂಲೆ ಮಡಚಿ ಹೋಗಿದ್ದವು. ಕೇಜಿನ ಪುಟ ಮಾತ್ರ ಹೊಸದಾಗೇ ಇತ್ತು. ಆ ಹಳದಿ ಪೈಪುಗಳು ಈಗ ನಮ್ಮ ಕೊಟ್ಟಿಗೆಯ ಗೇಟಾಗಿವೆ.

ಟೀಮ್ ಅಂದರೆ ಮೂರೇ ಜನ. ಸ್ಟಿಯರಿಂಗ್ ಹಿಡಿಯೋಕೆ ನಾನು. ಎಡಗಡೆ ಸೀಟಿನಲ್ಲಿ, ಅಂದರೆ ನ್ಯಾವಿಗೇಟರ್ ಜಾಗದಲ್ಲಿ, ನನ್ನ ಚಿಕ್ಕಪ್ಪನ ಮಗ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೂರನೆಯವನು ಮೂಡಿಗೆರೆ ಕಡೆಯ ಗೆಳೆಯ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಟಿಲ್ಲರ್, ಜೀಪು, ಯಾವುದು ಕೊಟ್ಟರೂ ಬಿಚ್ಚಿ ಜೋಡಿಸುವ ಕೈ ಅವನದು. ಎಂಟ್ರಿ ಫಾರಂನಲ್ಲಿ ಟೀಮಿನ ಹೆಸರು ಕೇಳಿದ್ದರು. ಮೂವರೂ ಒಪ್ಪುವ ಹೆಸರು ಸಿಗಲಿಲ್ಲ. ಆ ಜಾಗ ಖಾಲಿ ಬಿಟ್ಟೆವು.

ಇದಕ್ಕೆ ಮೊದಲು ಎರಡು ವರ್ಷ ಮಾರ್ಷಲ್ ಕೆಲಸ ಮಾಡಿದ್ದೆವು. ಚಿಕ್ಕಮಗಳೂರಿಗೆ ರ‍್ಯಾಲಿ ಬರೋದಕ್ಕೆ ಮುಖ್ಯ ಕಾರಣ ಕಾಫಿ ತೋಟದ ಒಳರಸ್ತೆಗಳು. ಕೆಂಪು ಮಣ್ಣು, ಇಕ್ಕಟ್ಟು, ಏರು, ಇಳಿಜಾರು, ಹೆಜ್ಜೆಗೊಂದು ತಿರುವು. ಖಾಸಗಿ ರಸ್ತೆಯಾದ್ದರಿಂದ ಬಸ್ಸು ಲಾರಿ ನಿಲ್ಲಿಸದೆ ಮುಚ್ಚಬಹುದು. ಬೆಳಗಿನ ಜಾವ 5 ಗಂಟೆಗೆ ಬುತ್ತಿ ಕಟ್ಟಿಕೊಂಡು ನಮ್ಮ ಪಾಯಿಂಟ್‌ಗೆ ಹೋಗುತ್ತಿದ್ದೆವು. ಟೇಪ್ ಕಟ್ಟುವುದು, ನಾಯಿ ದನ ಓಡಿಸುವುದು, ನೋಡಲು ಬಂದವರನ್ನು ತಿರುವಿನ ಹೊರಗಡೆ ನಿಲ್ಲದ ಹಾಗೆ ನೋಡಿಕೊಳ್ಳುವುದು. ರ‍್ಯಾಲಿಗೆ ಇಳಿಯಬೇಕು ಅನ್ನುವವರು ಮೊದಲು ಒಂದು ವರ್ಷ ಈ ಕೆಲಸ ಮಾಡಲಿ ಅನ್ನೋದು ನನ್ನ ಹಟ. ಒಂದೇ ತಿರುವಿಗೆ 40 ಗಾಡಿ 40 ಥರ ಬರುತ್ತವೆ. ಪುಕ್ಕಟೆ ಪಾಠ ಅಲ್ವಾ?

2009ರಲ್ಲಿ ಹಾಸನದಲ್ಲಿ ಒಂದು ಹಳೇ ಜಿಪ್ಸಿ ಸಿಕ್ಕಿತು. ಕೊಟ್ಟಿದ್ದು 1 ಲಕ್ಷದ 60 ಸಾವಿರ. 1298 ಸಿಸಿ, 16 ವಾಲ್ವಿನ ಎಂಜಿನ್. ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಎತ್ತಿನ ಗಾಡಿಯ ಅಣ್ಣ. ಆದರೆ ಮಲೆನಾಡಿನ ಯಾವ ಗ್ಯಾರೇಜಿನಲ್ಲೂ ಪಾರ್ಟ್ಸ್ ಸಿಗುತ್ತಿತ್ತು, ಹೊಡೆತ ತಿಂದರೂ ಮನೆಗೆ ಬರುತ್ತಿತ್ತು. ಅಪ್ಪನಿಗೆ ಮೆಣಸು ಸಾಗಿಸೋಕೆ ಅಂತ ಹೇಳಿದ್ದೆ. ಹಿಂದಿನ ಸೀಟು ಕಿತ್ತು ಕೇಜ್ ಹಾಕಿದ ದಿನ ಅವರು ಸುಮ್ನೆ ಒಂದು ಸುತ್ತು ಬಂದು, ‘ಮೆಣಸು ಎಲ್ಲಿ ಇಡ್ತೀಯಾ?’ ಅಂತ ಕೇಳಿ ಒಳಗೆ ಹೋದರು.

ಕೇಜ್ ಸರಿ ಮಾಡಿಸುವಷ್ಟರಲ್ಲಿ ಆ ಸೀಸನ್ ಮುಗಿಯಿತು. ಅಲ್ಲಿಯವರೆಗೆ ಟಿಎಸ್‌ಡಿ ಓಡಿಸಿದೆವು. ಟೈಮ್, ಸ್ಪೀಡ್, ಡಿಸ್ಟೆನ್ಸ್. ಅಲ್ಲಿ ಜೋರಾಗಿ ಓಡಿಸಿದವನು ಗೆಲ್ಲುವುದಿಲ್ಲ, ಹೇಳಿದ ಸರಾಸರಿ ವೇಗವನ್ನು ಹೇಳಿದ ಹಾಗೆ ಕಾಯ್ದುಕೊಂಡವನು ಗೆಲ್ಲುತ್ತಾನೆ. ನನಗೆ ಬೇಸರದ ಆಟ. ಮೇಷ್ಟ್ರಿಗೆ ಹಬ್ಬ. ತೊಡೆಯ ಮೇಲೆ ರೋಡ್ ಬುಕ್ ಇಟ್ಟುಕೊಂಡು ಬಾಯಲ್ಲೇ ಲೆಕ್ಕ ಮಾಡುತ್ತಿದ್ದ. ನಿಜವಾದ ರ‍್ಯಾಲಿಯಲ್ಲೂ ಗಡಿಯಾರದ ಕಾಟ ಎಷ್ಟು ಅಂತ ಆಮೇಲೆ ಗೊತ್ತಾಯಿತು. ಜೋರಾಗಿ ಓಡಿಸುವುದು ರಸ್ತೆ ಮುಚ್ಚಿದ ತುಂಡುಗಳಲ್ಲಿ ಮಾತ್ರ, ಅವೇ ಸ್ಟೇಜು. ಸ್ಟೇಜ್‌ಗಳ ನಡುವೆ ಸಾಮಾನ್ಯ ರಸ್ತೆಯಲ್ಲಿ ಹೋಗಿ, ಹೊತ್ತು ಬರೆದುಕೊಳ್ಳುವ ಟೈಮ್ ಕಂಟ್ರೋಲ್ ಅನ್ನು ಹೇಳಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ತಡವಾದರೆ ನಿಮಿಷಕ್ಕೆ 10 ಸೆಕೆಂಡ್ ದಂಡ. ಬೇಗ ಹೋದರೆ ನಿಮಿಷಕ್ಕೆ ಪೂರ್ತಿ 1 ನಿಮಿಷ! ಒಂದು ಸಲ ನಾನು ಮೇಷ್ಟ್ರು ‘ನಿಲ್ಸೋ’ ಅನ್ನುವಷ್ಟರಲ್ಲಿ ಕಂಟ್ರೋಲ್ ಶುರುವಾಗುವ ಹಳದಿ ಬೋರ್ಡು ದಾಟಿಬಿಟ್ಟಿದ್ದೆ. ಇಡೀ ಬೆಳಗ್ಗೆ ಸ್ಟೇಜಿನಲ್ಲಿ ಉಳಿಸಿದ್ದ ಸೆಕೆಂಡುಗಳೆಲ್ಲ ಅಲ್ಲೇ ಹೋದವು.

ನಮ್ಮನ್ನು ಜಾಸ್ತಿ ಸತಾಯಿಸಿದ್ದು ಪೇಸ್ ನೋಟ್ಸ್. ಸ್ಟೇಜಿನ ಮೊದಲು ರೆಕಿ ಇರುತ್ತದೆ. ನಿಧಾನವಾಗಿ ಹೋಗುತ್ತಾ ಪ್ರತಿ ತಿರುವಿಗೂ ನಾನು ಒಂದು ನಂಬರ್ ಹೇಳಬೇಕು, ಅವನು ಬರೆದುಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ 1 ಅಂದರೆ ತೀರಾ ಬಿಗಿ, 6 ಅಂದರೆ ಕಾಲು ಎತ್ತುವುದೇ ಬೇಡ. ಎರಡನೇ ಸುತ್ತಿನಲ್ಲಿ ತಿದ್ದಬೇಕು. ಓಡಿಸುವಾಗ ಅವನು ಓದುತ್ತಾನೆ, ನಾನು ಕಿವಿಗೆ ಬಿದ್ದದ್ದನ್ನು ನಂಬಿ ಸ್ಟಿಯರಿಂಗ್ ತಿರುಗಿಸುತ್ತೇನೆ.

ಮೊದಮೊದಲು ಎಲ್ಲರ ಹಾಗೆ ಇಂಗ್ಲಿಷಿನಲ್ಲೇ ಬರೆದೆವು. ಲೆಫ್ಟ್, ರೈಟ್, ಟೈಟನ್ಸ್, ಡೋಂಟ್ ಕಟ್. ಓದೋಕೆ ಅವನಿಗೆ ತೊಂದರೆ ಇಲ್ಲ. ಆದರೆ ಗಾಡಿ ಜಾರುವಾಗ ನನ್ನ ತಲೆ ಇಂಗ್ಲಿಷ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅರ್ಥವಾಗಿ ಕೈಗೆ ಇಳಿಯುವಷ್ಟರಲ್ಲಿ ತಿರುವು ಬಂದಿರುತ್ತಿತ್ತು. ಸರಿ, ಎಲ್ಲ ಕನ್ನಡ ಮಾಡೋಣ ಅಂದೆವು. ‘ಬಲ ಆರು, ನೂರು, ಎಡ ಮೂರು.’ ನೂರು ಅಂದರೆ ಎರಡು ತಿರುವುಗಳ ನಡುವಿನ ನೂರು ಮೀಟರ್. ಮನೆಯಲ್ಲಿ ಕೂತು ಓದಿದಾಗ ಪದ್ಯದ ಹಾಗೆ ಚೆಂದವಿತ್ತು. ಹೆಲ್ಮೆಟ್ ಹಾಕಿ, ಇಂಟರ್‌ಕಾಮ್ ಕರಕರ ಅನ್ನುವಾಗ ಆರು, ಮೂರು, ನೂರು ಎಲ್ಲವೂ ‘ಊರು’ ಆದವು. ಆರು ಅಂದುಕೊಂಡು ಮೂರಕ್ಕೆ ನುಗ್ಗಿದ ಮೇಲೆ ಒಂದು ಸಿಲ್ವರ್ ಓಕ್ ಮರವನ್ನು ತೀರಾ ಹತ್ತಿರದಿಂದ ನೋಡಿದೆವು.

ಕೊನೆಗೆ ಕಲಬೆರಕೆಯೇ ಗತಿಯಾಯಿತು. ದಿಕ್ಕು ಕನ್ನಡ, ನಂಬರ್ ಇಂಗ್ಲಿಷ್, ಮಿಕ್ಕಿದ್ದೆಲ್ಲ ತೋಟದ ಮಾತು. ‘ಎಡ ಫೋರ್, ಹಳ್ಳ.’ ‘ಬಲ ಟೂ, ಒಳಗೆ ಕಲ್ಲು.’ ಎಚ್ಚರಿಕೆಗೆ ‘ಹುಷಾರ್’. ‘ಕಾಶನ್’ ಅಂದರೆ ನನಗೆ ಏನೂ ಆಗುತ್ತಿರಲಿಲ್ಲ. ಹುಷಾರ್ ಅಂದರೆ ಬ್ರೇಕಿನ ಮೇಲೆ ಕಾಲು ತಾನಾಗಿ ಹೋಗುತ್ತಿತ್ತು. ಅಮ್ಮ ಹಾಗೆ ಹೇಳಿಯೇ ಬೆಳೆಸಿದ್ದು. ಇನ್ನೊಂದು ಮಾತು, ನೋಟ್ಸ್ ಬರೆಯೋದು ಪೆನ್ಸಿಲಿನಲ್ಲೇ. ಜಿಪ್ಸಿಯ ಟಾಪ್ ಸೋರಿ ಒಂದು ಇಡೀ ಸ್ಟೇಜಿನ ನೋಟ್ಸ್ ನೀಲಿ ನೀರಾಗಿತ್ತು.

ಎರಡನೇ ವರ್ಷ ಒಂದು ಸ್ಟೇಜ್ ನಮ್ಮೂರಿನ ಪಕ್ಕದ ತೋಟದಲ್ಲೇ ಬಂತು. ನನ್ನ ಖುಷಿ ಕೇಳಬೇಡಿ. ಸೈಕಲ್ ಕಲಿತ ರಸ್ತೆ, ಹಣ್ಣಿನ ಮೂಟೆ ಸಾಗಿಸಿದ ರಸ್ತೆ. ಬೆಂಗಳೂರಿನವರು ನೋಟ್ಸ್ ಹಿಡಿದು ಒದ್ದಾಡಲಿ, ನನಗೆ ಯಾಕೆ ಅಂದುಕೊಂಡೆ. ಆ ರಸ್ತೆ ನನಗೆ ಗೊತ್ತಿದ್ದದ್ದು ಗಂಟೆಗೆ 20 ಕಿ.ಮೀ. ವೇಗದಲ್ಲಿ. 80ರಲ್ಲಿ ಅದು ಬೇರೆಯೇ ರಸ್ತೆ. ದೂರವಿದ್ದ ಹಲಸಿನ ಮರ ಆಗಲೇ ಬಂದಿರುತ್ತದೆ, ಇಲ್ಲವೇ ಇಲ್ಲ ಅಂದುಕೊಂಡಿದ್ದ ಉಬ್ಬು ಗಾಡಿಯನ್ನು ಮೇಲಕ್ಕೆ ಎಸೆಯುತ್ತದೆ. ಮೇಷ್ಟ್ರು ಸರಿಯಾಗಿಯೇ ಓದಿದ. ‘ಎಡ ಫೋರ್, ಮೋರಿ, ಹುಷಾರ್.’ ಗೊತ್ತು ಮಾರಾಯ ಅಂದುಕೊಂಡೆ. ಜೀವನದಲ್ಲಿ ಮೊದಲ ಸಲ ಹುಷಾರ್ ಕೆಲಸ ಮಾಡಲಿಲ್ಲ. ಮುಂದಿನ ಬಲ ಚಕ್ರ ಮೋರಿಯ ಕಟ್ಟೆಗೆ ಬಡಿಯಿತು. ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿಯಿತು. ಕಟ್ಟೆಯ ಅರ್ಧ ಹಳ್ಳಕ್ಕೆ ಬಿತ್ತು. ನಾವಿಬ್ಬರೂ ಇಳಿದು, ನಮಗೇನೂ ಆಗಿಲ್ಲ ಅಂತ ಹಿಂದೆ ಬರುವವರಿಗೆ ಓಕೆ ಬೋರ್ಡ್ ತೋರಿಸುತ್ತಾ ನಿಂತೆವು. ಒಬ್ಬೊಬ್ಬರೇ ಬೆಂಗಳೂರಿನವರು ನೋಟ್ಸ್ ಕೇಳಿಕೊಂಡು ಆ ಎಡ ಫೋರ್ ದಾಟಿ ಹೋದರು.

ಮೇಷ್ಟ್ರು ಒಂದು ವಾರ ಮಾತಾಡಲಿಲ್ಲ. ಮಾತಾಡಿದಾಗ ಒಂದೇ ಷರತ್ತು ಹಾಕಿದ. ಗೊತ್ತಿರೋ ರಸ್ತೆಗೂ ನೋಟ್ಸ್ ಕೇಳಬೇಕು, ಇಲ್ಲದಿದ್ದರೆ ಎಡಗಡೆ ಸೀಟಿಗೆ ಬೇರೆಯವರನ್ನು ನೋಡಿಕೋ. ಆ ವರ್ಷ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಬೇಕು ಅಂತಿದ್ದ ದುಡ್ಡಿನಲ್ಲಿ ಒಳ್ಳೆಯ ಇಂಟರ್‌ಕಾಮ್ ತಂದೆವು. ಮೆಕ್ಯಾನಿಕ್ ಗೊಣಗಿದ. ಆದರೆ ನಮ್ಮ ಟೈಮ್ ಕಡಿಮೆಯಾಗಿದ್ದು ಅಲ್ಲಿಂದಲೇ.

ಬಹಳ ವರ್ಷಗಳ ನಂತರ, 2016ರಲ್ಲಿ, ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೆ ಬಂದಾಗ ಚಾಲಕ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾ ಕಾರು ಹೋಗುವುದನ್ನು ತೋಟದ ಬೇಲಿಯ ಈಚೆಯಿಂದ ನೋಡಿದೆ. ಆ ವರ್ಷದ ಚಾಂಪಿಯನ್ ಅವರೇ. ನಾನು ಬ್ರೇಕ್ ಒತ್ತುತ್ತಿದ್ದ ಜಾಗ ದಾಟಿ ಎಷ್ಟೋ ಮುಂದೆ ಹೋಗಿ ಬ್ರೇಕ್ ಒತ್ತಿದರು. ಕಣ್ಣಿಗೆ ಕಾಣದ ತಿರುವಿಗೆ ಆಗಲೇ ಗಾಡಿ ತಿರುಗಿಸಿದ್ದರು. ಪಕ್ಕದವರ ಮಾತಿನ ಮೇಲೆ ಅಷ್ಟು ನಂಬಿಕೆ!

ನಮ್ಮ ಕಷ್ಟ ಕೊಯ್ಲಿನದೂ ಹೌದು. ರ‍್ಯಾಲಿ ಬರುತ್ತಿದ್ದದ್ದು ನವೆಂಬರ್, ಡಿಸೆಂಬರ್‌ನಲ್ಲಿ, ಅರೇಬಿಕಾ ಹಣ್ಣಾಗುವುದೂ ಆಗಲೇ. ಮೆಕ್ಯಾನಿಕ್‌ಗೆ ಹತ್ತು ತೋಟದ ಪಲ್ಪರ್ ಕಾಯುತ್ತಿರುತ್ತಿತ್ತು. ಸರ್ವಿಸ್ ಪಾರ್ಕಿನಲ್ಲಿ ಗೇರ್ ಆಯಿಲ್ ಬದಲಾಯಿಸುತ್ತಲೇ ಫೋನಿನಲ್ಲಿ ಯಾರಿಗೋ ಪಲ್ಪರಿನ ಬೆಲ್ಟ್ ಹಾಕುವುದು ಹೇಗೆ ಅಂತ ಹೇಳುತ್ತಿದ್ದ.

ಮೂರನೇ ವರ್ಷ ಪೂರ್ತಿ ಮುಗಿಸಿದೆವು. ನಮ್ಮ ಥರದ ಗಾಡಿಗಳ ಕ್ಲಾಸಿನಲ್ಲಿ ಕೊನೆಯಿಂದ ಎರಡನೆಯವರು. ಆ ತೋಟದ ಸ್ಟೇಜ್ ಮತ್ತೆ ಇತ್ತು. ಒಡೆದ ಕಟ್ಟೆಯನ್ನು ನಾವೇ ಎರಡು ಮೂಟೆ ಸಿಮೆಂಟ್ ತಂದು, ಗಾರೆಯವನನ್ನು ಹಿಡಿದು ಕಟ್ಟಿಸಿಕೊಟ್ಟಿದ್ದೆವು. ಅವನು ಗಟ್ಟಿಯಾಗಿರಲಿ ಅಂತ ಅರ್ಧ ಅಡಿ ರಸ್ತೆಯ ಕಡೆಗೇ ತಂದು ಕಟ್ಟಿದ್ದ. ರೆಕಿಯಲ್ಲಿ ಮೇಷ್ಟ್ರು ಗಾಡಿ ನಿಲ್ಲಿಸಿ, ಇಳಿದು, ಹೆಜ್ಜೆಯಲ್ಲಿ ಅಗಲ ಅಳೆದ. ವಾಪಸ್ ಬಂದು ಪೆನ್ಸಿಲ್ ತೆಗೆದು ಹಳೇ ನೋಟ್ಸ್ ತಿದ್ದಿದ. ‘ಎಡ ತ್ರೀ, ನಮ್ಮ ಮೋರಿ, ತುಂಬಾ ಹುಷಾರ್.’