ಕಪ್ಪು ಗುಂಡು, ಒದ್ದೆ ಬತ್ತಿ: ಬಾಗಲಕೋಟೆ ಮೈದಾನದಲ್ಲಿ ಧಗೆ ಅಳೆದದ್ದು

ಮೇ ತಿಂಗಳ 41 ಡಿಗ್ರಿಗಿಂತ ಸೆಪ್ಟೆಂಬರಿನ 34 ಡಿಗ್ರಿ ಆಟಗಾರನನ್ನು ಬೇಗ ಕೆಡವಬಹುದು. ನಾನು ಇದನ್ನು ಹೇಳಿದಾಗ ನಮ್ಮ ಕಡೆ ಟೂರ್ನಿ ನಡೆಸುವವರು ಯಾರೂ ನಂಬಲಿಲ್ಲ. "ಏನ್ರಿ ಸರ, ನಮ್ಮ ಹುಡುಗ್ರು ಹೊಲದಾಗ ಬೆಳೆದವ್ರು, ಇಷ್ಟು ಬಿಸಲಿಗೆ ಅಂಜ್ತಾರೇನು?" ಅಂತ ನಕ್ಕರು. ಈಗ ಅವರೇ ಸೀಟಿ ಊದುವ ಮೊದಲು ಧಗೆ ಅಳೆಯಲು ನಾನು ನೆಟ್ಟ ಕಂಬದ ಕಡೆ ನೋಡುತ್ತಾರೆ.

ಬಿಸಿಲು, ತೇವ, ಗಾಳಿ ಎಲ್ಲ ಸೇರಿಸಿ ಮೈಗೆ ತಟ್ಟುವ ಧಗೆ ಹೇಳುವ ಅಂಕಿಗೆ ಡಬ್ಲ್ಯೂಬಿಜಿಟಿ ಅನ್ನುತ್ತಾರೆ. ಒದ್ದೆ ಬತ್ತಿ ಸುತ್ತಿದ ತಾಪಮಾಪಕಕ್ಕೆ ನೂರಕ್ಕೆ 70 ಪಾಲು, ಬಿಸಿಲಿಗಿಟ್ಟ ಕಪ್ಪು ಗುಂಡಿನೊಳಗಿನ ತಾಪಕ್ಕೆ 20, ನೆರಳಿನ ಬರೀ ಗಾಳಿಯ ತಾಪಕ್ಕೆ 10. ಬಾಗಲಕೋಟೆ ನವನಗರದ ಒಂದು ಮೈದಾನದಲ್ಲಿ ಮೇ ಮಧ್ಯಾಹ್ನ ಗಾಳಿ 41, ಗುಂಡು 54, ಬತ್ತಿ 23ರ ಆಸುಪಾಸು ಇತ್ತು. ಒಟ್ಟು 31. ಅದೇ ಜಾಗ, ಸೆಪ್ಟೆಂಬರಿನಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ: ಗಾಳಿ 34, ಗುಂಡು 47, ಬತ್ತಿ 28. ಒಟ್ಟು 32 ದಾಟಿತು. ಫುಟ್‌ಬಾಲಿನಲ್ಲಿ ಫಿಫಾದವರು ನೀರು ಕುಡಿಯಲು ಆಟ ನಿಲ್ಲಿಸಲು ಇಟ್ಟುಕೊಂಡಿದ್ದ ಗೆರೆ ಅದೇ 32. ನೆಲ ಹಸಿ, ಆಲಮಟ್ಟಿ ಹಿನ್ನೀರು ತುಂಬಿದೆ, ಬೆವರು ಆರುವುದೇ ಇಲ್ಲ. ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟ ಎಲ್ಲ ಬರುವುದು ಈ ಹೊತ್ತಿಗೇ. ಮೇನಲ್ಲಾದರೆ ಹೊನಲು ಬೆಳಕಿನ ಕಬಡ್ಡಿ ಇಟ್ಟುಕೊಳ್ಳುತ್ತಾರೆ. ಸೆಪ್ಟೆಂಬರಿನಲ್ಲಿ "ಮಳೆಗಾಲ ಅಲ್ವಾ" ಅಂತ ಮಟಮಟ ಮಧ್ಯಾಹ್ನ ಓಡಿಸುತ್ತಾರೆ.

ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಈ ಅಂಕಿ ತೋರಿಸುವ ರೆಡಿ ಮೀಟರಿಗೆ ಕೊಟೇಶನ್ ತರಿಸಿದೆ. ನಮ್ಮ ಟೂರ್ನಿಯ ಮೊದಲ ಬಹುಮಾನಕ್ಕಿಂತ ಜಾಸ್ತಿ ಇತ್ತು, ಮಡಚಿ ಇಟ್ಟೆ. ಆಮೇಲೆ ಆನ್‌ಲೈನಿನಲ್ಲಿ ಏಳೆಂಟು ನೂರಕ್ಕೆ ತೇವಾಂಶ ತೋರಿಸುವ ಡಬ್ಬಿ ತರಿಸಿದೆ. ಬಿಸಿಲಿನಲ್ಲಿಟ್ಟರೆ ಡಬ್ಬಿಯೇ ಕಾಯುತ್ತದೆ, ತೇವಾಂಶ ಸುಳ್ಳುಸುಳ್ಳೇ ಕಡಿಮೆ ತೋರಿಸುತ್ತದೆ. ಅದು ಈಗ ನಮ್ಮ ಅಡುಗೆ ಮನೆಯಲ್ಲಿದೆ. ಕೊರೊನಾ ಕಾಲದ ಹಣೆ ಗನ್ನನ್ನೂ ಬಿಡಲಿಲ್ಲ. ಓಲಾಡುತ್ತಿದ್ದ ಹುಡುಗನಿಗೆ ಹಿಡಿದರೆ 35 ತೋರಿಸಿತು! ಬೆವರಿದ ಹಣೆ ತಣ್ಣಗಿರುತ್ತದೆ, ಒಳಗೆ ಕುದಿಯುತ್ತಿರುತ್ತದೆ. ಅದನ್ನು ನಂಬಿ ಯಾರನ್ನೂ ಆಟಕ್ಕೆ ವಾಪಸ್ ಬಿಡಬೇಡಿ.

ಕೊನೆಗೆ ಕಪ್ಪು ಗುಂಡಾಗಿ ಕೆಲಸ ಮಾಡಿದ್ದು ಪ್ಲಂಬಿಂಗ್ ಅಂಗಡಿಯ ತಾಮ್ರದ ಫ್ಲೋಟ್ ಬಾಲ್. ನೀರಿನ ಟ್ಯಾಂಕಿಗೆ ಹಾಕುತ್ತಾರಲ್ಲ, ಅದೇ. ಪ್ಲಾಸ್ಟಿಕ್ಕಿನದು ಕೊಡಲು ಬಂದರು, ಹಳೇ ಸ್ಟಾಕಿನಲ್ಲಿ ಹುಡುಕಿಸಿದೆ. ಮೇಲೆ ಶಾಲೆಯ ಕಪ್ಪು ಹಲಗೆಗೆ ಬಳಿಯುವ ಬಣ್ಣ. ಹೊಳಪಿನ ಎನಾಮೆಲ್ ಬೇಡ. ಗುಂಡಿನ ಒಳಗೆ, ಬತ್ತಿಗೆ, ನೆರಳಿಗೆ ತಾಪ ಅಳೆಯುವ ಒಂದೊಂದು ಡಿಎಸ್18ಬಿ20 ಸೆನ್ಸರ್. ಬತ್ತಿ ಅಂದರೆ ಕ್ಯಾನ್ವಾಸ್ ಬೂಟಿನ ಬಿಳಿ ಹತ್ತಿ ಲೇಸ್. ಸೋಡಾ ಹಾಕಿ ಕುದಿಸಿದರೆ ಗಂಜಿ ಬಿಟ್ಟು ನೀರು ಹೀರುತ್ತದೆ. ನಮ್ಮ ಬೋರ್ ನೀರು ಮಾತ್ರ ಆಗುವುದಿಲ್ಲ. ಕೆಲವೇ ದಿನಕ್ಕೆ ಲೇಸ್ ಮೇಲೆ ಬಿಳಿ ಉಪ್ಪು ಕಟ್ಟಿ ಕಟ್ಟಿಗೆಯಂತಾಯಿತು, ಬತ್ತಿಯ ಓದು, ಅಂದರೆ ತೋರಿಸುವ ಅಂಕಿ, ಮೇಲೇರಿತು. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ತಂದ ಮೇಲೆ ಸರಿಯಾಯಿತು. ಬತ್ತಿಯ ಡಬ್ಬಿಯಲ್ಲಿನ ನೀರು ಬಿಸಿಲಿಗೆ ಕಾಯದಂತೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಭೇಟಿಯಾದಾಗ ಕೇಳಿ, ಚಹಾ ನಿಮ್ಮದು. ಒಟ್ಟು ಖರ್ಚು ಎರಡು ಸಾವಿರದ ಒಳಗೇ ಆಗಿರಬೇಕು. ಎದೆಮಟ್ಟದ ಕಂಬಕ್ಕೆ ಕಟ್ಟಿ ಅರ್ಧ ಗಂಟೆ ಬಿಟ್ಟು ಓದಬೇಕು. ಗುಂಡು ನಿಧಾನದ ಗಿರಾಕಿ.

ಅಂಕಿ ಸಿಕ್ಕಿತು, ಕೇಳುವವರು ಸಿಗಲಿಲ್ಲ. ಮೈಕಿನಲ್ಲಿ "31.4" ಅಂದರೆ ಯಾರಿಗೂ ಏನೂ ಅನಿಸಲ್ಲ. ಅಮೆರಿಕದ ಸೈನ್ಯದ ತರಬೇತಿಯಲ್ಲಿ ಬಾವುಟದ ಪದ್ಧತಿ ಇದೆ, ಅದನ್ನು ಎತ್ತಿಕೊಂಡೆ. ನನ್ನ ಗೆರೆಗಳು: 28ಕ್ಕೆ ಹಳದಿ, 30ಕ್ಕೆ ಕೆಂಪು, 32ಕ್ಕೆ ಕಪ್ಪು. ಕೆಂಪಿಗೆ ಪ್ರತಿ ಅರ್ಧದಲ್ಲೂ ನೀರಿನ ಬಿಡುವು, ಕಪ್ಪಿಗೆ ಆಟ ಬಂದ್. ಮೊದಲ ಸಲ ಕಪ್ಪು ಏರಿಸಿದಾಗ ಸಮಿತಿಯವರು ಕಿವಿಗೆ ಹಾಕಿಕೊಳ್ಳದೆ 3000 ಮೀಟರ್ ಓಟ ಬಿಟ್ಟರು. ಬೆಳಗಾವಿ ಕಡೆಯಿಂದ ಬಂದ ಹುಡುಗನೊಬ್ಬ ಕೊನೆ ಸುತ್ತಿನಲ್ಲಿ ಬಿದ್ದ, ಏನೇನೋ ಬಡಬಡಿಸಿದ. ಅಲ್ಲಿಯ ತಂಪಿನಿಂದ ಹಿಂದಿನ ದಿನ ಇಳಿದವನು. ಮೈ ಧಗೆಗೆ ಹೊಂದಲು 10ರಿಂದ 14 ದಿನ ಬೇಕು, ಅದಕ್ಕೆ ಯಾರು ಕಾಯ್ತಾರೆ?

ಸ್ಟೋರಿನಲ್ಲಿದ್ದ ತಾಡಪತ್ರಿ ಹಾಸಿ, ಹುಡುಗನನ್ನು ಮಲಗಿಸಿ, ನಾಲ್ಕು ಮೂಲೆ ಎತ್ತಿ ಹಿಡಿಸಿ ನೀರು ಸುರಿದೆವು. ಸೋಡಾ ಅಂಗಡಿಗೆ ಬಂದಿದ್ದ ಐಸ್ ಗಡ್ಡೆ ಒಡೆದು ಹಾಕಿದೆವು. ತಲೆ ಮೇಲೆತ್ತಿ ಹಿಡಿಯಲು ಒಬ್ಬನನ್ನು ನಿಲ್ಲಿಸಿದ್ದೆ. "ಮೊದಲು ಆಸ್ಪತ್ರೆಗೆ ಒಯ್ಯೋಣ್ರಿ" ಅಂತ ಕೂಗಾಡಿದರು. ನಾನು ಬಿಡಲಿಲ್ಲ. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಕಾಲು ಗಂಟೆಯೊಳಗೆ ತನ್ನ ಹೆಸರು ಹೇಳಿದ. ಆಂಬುಲೆನ್ಸ್ ಅಷ್ಟರಲ್ಲಿ ಬಂತು. ಮುಂದಿನ ಕೂಟದಿಂದ ಐಸಿನ ಖರ್ಚು ಸಮಿತಿಯ ಲೆಕ್ಕದಲ್ಲೇ ಬಂತು, ಕಪ್ಪು ಏರಿದರೆ ಆಟ ಸಂಜೆ ನಾಲ್ಕೂವರೆಯ ಮೇಲೆ.

ಮಧ್ಯೆ ಇನ್ನೂ ಏನೇನೋ ನೋಡಿದೆ. ಕಬಡ್ಡಿ ಹುಡುಗರನ್ನು ಪಂದ್ಯದ ಮೊದಲು, ಆಮೇಲೆ ತೂಕ ಹಾಕಿದೆ. ಕಾಳಿನ ಅಂಗಡಿಯ ತಕ್ಕಡಿ, ಸುಮ್ನೆ ಕುತೂಹಲ. 60 ಕಿಲೋದವನು ಒಂದು ಕಿಲೋ ಮೇಲೆ ಇಳಿದರೆ ಸುಮಾರು ಅಷ್ಟೇ ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ. ಉಪ್ಪು ಹಾಕಿದ ಮಜ್ಜಿಗೆ ಇಟ್ಟರೆ ಬರೀ ನೀರಿಗಿಂತ ಜಾಸ್ತಿ ಕುಡಿಯುತ್ತಾರೆ. ಶಾಮಿಯಾನದ ಮೂರು ಕಡೆ ಪರದೆ ಕಟ್ಟಿದ್ದರೆ ಬಿಚ್ಚಿಸಿ. ಒಳಗೆ ಗುಂಡು ಇಳಿಯುತ್ತದೆ, ಆದರೆ ಗಾಳಿ ಇಲ್ಲದೆ ಬತ್ತಿ ಏರುತ್ತದೆ.

ಈಗ ತಲೆಯಲ್ಲಿರುವುದು ವಿಜಯಪುರದ ಸೈಕಲ್ ಹುಡುಗರು. ಅವರು ಓಡುವಾಗ ಗಾಳಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. ರಸ್ತೆ ಬದಿಯ ಕಂಬದ ಓದು ಅವರಿಗೆ ಹೊಂದುವುದಿಲ್ಲ. ಟಿಟಿ ಬಾಲಿಗೆ ಅದೇ ಹಲಗೆ ಬಣ್ಣ ಬಳಿದು ಹ್ಯಾಂಡಲ್‌ಗೆ ಕಟ್ಟಿ ಕೊಟ್ಟಿದ್ದೆ. ಗುಂಡು ಸಣ್ಣದು, ಗಾಳಿಗೆ ಬೇಗ ಆರಿಬಿಡುತ್ತದೆ, ಓದು ತೀರಾ ಕಡಿಮೆ ಬರುತ್ತಿದೆ. ಎಷ್ಟು ಕೂಡಿಸಬೇಕು ಅಂತ ಎರಡೂ ಗುಂಡನ್ನು ಅಕ್ಕಪಕ್ಕ ಫ್ಯಾನಿನ ಮುಂದೆ ಇಟ್ಟು ನೋಡುತ್ತಿದ್ದೇನೆ.