ಚಿನ್ನಿಗೆ ಮರಿ ಹಾಕಿಸಬೇಕೇ ಬೇಡವೇ: ನಾನು ತೀರ್ಮಾನಕ್ಕೆ ಬಂದ ಬಗೆ

ಚಿನ್ನಿ ನಮ್ಮ ಮನೆಯ ಲ್ಯಾಬ್ರಡಾರ್. ಅವಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ, ಕಂಡವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ‘ಯಾವಾಗ ಮರಿ ಹಾಕಿಸ್ತೀರಿ?’ ಮೈಕಟ್ಟು ಚೆಂದ, ಮನೆಯವರ ಜೊತೆ ಬಲು ಪ್ರೀತಿ, ಜೊತೆಗೆ ವಂಶಾವಳಿಯ ಪೇಪರ್ಸ್ ಬೇರೆ ಇವೆ. ನನಗೂ ಆಸೆಯಿತ್ತು. ಆದರೆ ಕ್ರಾಸ್ ಮಾಡಿಸಲು ಒಪ್ಪುವ ಮೊದಲು, ಹುಟ್ಟಲಿರುವ ಮರಿಗಳ ಕಡೆಯಿಂದ ಯೋಚಿಸಬೇಕು ಅನ್ನಿಸಿತು. ಅವುಗಳನ್ನು ಕೇಳಿ ಯಾರೂ ಹುಟ್ಟಿಸುವುದಿಲ್ಲ. ಹಾಗಿರುವಾಗ ಅವುಗಳ ಆರೋಗ್ಯ, ಸ್ವಭಾವ, ಮನೆ ಮೂರಕ್ಕೂ ಹುಟ್ಟಿಸುವವರೇ ಹೊಣೆ.

ಮೊದಲು, ಮರಿ ಯಾಕೆ ಬೇಕು ಎಂದು ಒಂದು ಹಾಳೆಯಲ್ಲಿ ಬರೆದೆ. ಇವಳಂಥದ್ದೇ ಇನ್ನೊಂದು ಬೇಕು. ಮಕ್ಕಳು ಮರಿಗಳನ್ನು ನೋಡಲಿ. ಒಂದು ಸೂಲಾದರೆ ಹೆಣ್ಣುನಾಯಿಯ ಆರೋಗ್ಯಕ್ಕೆ ಒಳ್ಳೆಯದಂತೆ. ಮೊದಲನೆಯದು ಬೇಗ ಬಿದ್ದುಹೋಯಿತು. ಮರಿಗೆ ತಾಯಿಯಿಂದ ಬರುವುದು ಅರ್ಧ, ಅದೂ ಪ್ರತಿ ಮರಿಗೆ ಬೇರೆ ಬೇರೆ ಅರ್ಧ. ಇನ್ನೊಬ್ಬಳು ಚಿನ್ನಿ ಹುಟ್ಟುವುದಿಲ್ಲ. ಮೂರನೆಯದನ್ನು ಪಕ್ಕದ ಮನೆಯ ಅತ್ತೆ ದಿನವೂ ಹೇಳುತ್ತಿದ್ದರು: ‘ಒಂದ್ಸಲನಾದ್ರೂ ತಾಯಾಗ್ಲಿ ಕಣಮ್ಮ, ಪಾಪ.’ ಡಾಕ್ಟರನ್ನು ಕೇಳಿದೆ. ಒಂದು ಸಲ ಈಯುವುದರಿಂದ ಆರೋಗ್ಯ ಸುಧಾರಿಸುತ್ತದೆ ಎಂಬುದಕ್ಕೆ ಆಧಾರವೇ ಇಲ್ಲ ಎಂದರು. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ಕಾಯಿಲೆ, ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಿಗೆ ಬೆದೆ ಮುಗಿದ ವಾರಗಳಲ್ಲಿ ಬರುತ್ತದೆ. ಒಂದು ಸಲ ಮರಿ ಹಾಕಿದ ಮಾತ್ರಕ್ಕೆ ಆ ಅಪಾಯ ತಪ್ಪುವುದಿಲ್ಲ. ಸ್ವೀಡನ್ನಿನ ವಿಮೆ ದಾಖಲೆಗಳ ಅಧ್ಯಯನವೊಂದರಲ್ಲಿ ಹತ್ತು ವರ್ಷದೊಳಗೆ ಸುಮಾರು ನಾಲ್ಕು ಹೆಣ್ಣುನಾಯಿಗಳಲ್ಲಿ ಒಂದಕ್ಕೆ ಅದು ಬಂದಿತ್ತು. ಅತ್ತೆಗೆ ಇದನ್ನು ಹೇಳಿದಾಗ ಅವರು ಗಾಬರಿಯಾದರು. ಅವರದ್ದು ಚಿನ್ನಿಯ ಮೇಲಿನ ಅಕ್ಕರೆಯ ಮಾತು, ಅದರಲ್ಲಿ ಸಂಶಯವಿಲ್ಲ.

ಹಾಳೆಯಲ್ಲಿ ಉಳಿದದ್ದು ಆಸೆಯೊಂದೇ. ಆಸೆಯೂ ಕಾರಣವೇ. ಹಾಗಾಗಿ ಮುಂದುವರಿದು ಪರೀಕ್ಷೆಗಳನ್ನು ಮಾಡಿಸಿದೆ.

ಲ್ಯಾಬ್ರಡಾರ್ ತಳಿಯಲ್ಲಿ ಸೊಂಟದ ಕೀಲಿನ ದೋಷ, ಅಂದರೆ ಹಿಪ್ ಡಿಸ್ಪ್ಲೇಸಿಯಾ, ಮತ್ತು ಮುಂಗಾಲಿನ ಮೊಣಕೈ ಕೀಲಿನ ದೋಷ ಸಾಮಾನ್ಯ. ನಾಯಿ ಓಡಾಡುವುದನ್ನು ನೋಡಿ ಇದು ಗೊತ್ತಾಗುವುದಿಲ್ಲ, ಎಕ್ಸ್‌ರೇ ಬೇಕು. ನಾಯಿಗಳ ಕೀಲಿನ ಎಕ್ಸ್‌ರೇ ನೋಡಿ ದರ್ಜೆ ಕೊಡುವ ಅಮೆರಿಕದ ಓ.ಎಫ್.ಎ. ಸಂಸ್ಥೆ ಸೊಂಟಕ್ಕೆ ಅಂತಿಮ ದರ್ಜೆ ಕೊಡುವುದು 24 ತಿಂಗಳು ತುಂಬಿದ ಮೇಲೆಯೇ. ನಾನೂ ಅಲ್ಲಿಯವರೆಗೆ ಕಾದೆ. ಚಿನ್ನಿಗೆ ಮಂಪರು ಬರಿಸಿ, ಬೆನ್ನ ಮೇಲೆ ಮಲಗಿಸಿ, ಹಿಂಗಾಲು ಎರಡನ್ನೂ ನೇರ ಚಾಚಿ, ಮಂಡಿ ಒಳಕ್ಕೆ ತಿರುಗುವಂತೆ ಹಿಡಿದು ಚಿತ್ರ ತೆಗೆದರು. ತೊಡೆಮೂಳೆಯ ಗುಂಡು ಗುಳಿಯೊಳಗೆ ಅರ್ಧಕ್ಕಿಂತ ಹೆಚ್ಚು ಕೂತಿರುವುದನ್ನು, ಅಂಚು ನುಣುಪಾಗಿರುವುದನ್ನು ಡಾಕ್ಟರ್ ಪೆನ್ನಿನ ತುದಿಯಿಂದ ತೋರಿಸಿದರು. ಮೊಣಕೈಗಳೂ ಚೆನ್ನಾಗಿದ್ದವು. ನನಗೆ ಖುಷಿಯಾಯಿತು.

‘ಒಡಹುಟ್ಟಿದ ಮರಿಗಳು ಹೇಗಿವೆ ವಿಚಾರಿಸಿ ಮೇಡಂ’ ಅಂದರು ಡಾಕ್ಟರ್. ಕೀಲಿನ ದೋಷ ಒಂದೇ ಜೀನಿನಿಂದ ಬರುವಂಥದ್ದಲ್ಲ. ಹಲವು ಜೀನುಗಳು, ಬೆಳೆಯುವಾಗಿನ ತೂಕ, ಆಹಾರ ಎಲ್ಲ ಸೇರುತ್ತವೆ. ಒಂದು ನಾಯಿಯ ಕೀಲು ಚೆನ್ನಾಗಿದ್ದರೂ ಅದರ ರಕ್ತಸಂಬಂಧಿಗಳದ್ದು ಕೆಟ್ಟಿದ್ದರೆ ಮರಿಗಳಿಗೆ ಅಪಾಯ ಉಂಟು. ಚಿನ್ನಿಯನ್ನು ಕೊಟ್ಟವರಿಂದ ಉಳಿದ ಮರಿಗಳ ಮನೆಯವರ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಹೆಚ್ಚಿನವು ಗಟ್ಟಿಮುಟ್ಟಾಗಿದ್ದವು. ಒಬ್ಬ ಅಣ್ಣನಿಗೆ ಮಾತ್ರ ಮೊಣಕೈಗೆ ಆಪರೇಷನ್ ಆಗಿತ್ತು. ವಾಕಿಂಗ್ ಮುಗಿಸಿ ಬಂದು ಮಲಗಿದರೆ ಏಳುವಾಗ ಕುಂಟುತ್ತಾನಂತೆ. ಪೇಪರ್ಸ್ ಇದ್ದರೆ ಸಾಕು ಅನ್ನುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ: ಅದರಲ್ಲಿ ಅಪ್ಪ ಅಮ್ಮ ಯಾರು ಎಂದು ಇರುತ್ತದೆ, ಯಾರ ಮೊಣಕೈ ಹೇಗಿದೆ ಎಂದು ಇರುವುದಿಲ್ಲ.

ಡಿಎನ್‌ಎ ವರದಿಯಲ್ಲಿ ಇನ್ನೊಂದು ವಿಷಯ ಬಂತು. ವ್ಯಾಯಾಮ ಮಾಡುವಾಗ ಕಾಲು ಸೋತು ಕುಸಿಯುವ ಇ.ಐ.ಸಿ. ದೋಷದ ವಿಷಯದಲ್ಲಿ ಅವಳು ಕ್ಲಿಯರ್, ಅಂದರೆ ಆ ದೋಷದ ಜೀನು ಅವಳಲ್ಲಿಲ್ಲ. ನಿಧಾನಕ್ಕೆ ಕುರುಡು ಬರಿಸುವ ಪಿ.ಆರ್.ಎ. ಎಂಬ ಕಣ್ಣಿನ ಕಾಯಿಲೆಗೆ ಕ್ಯಾರಿಯರ್. ದೋಷದ ಜೀನಿನ ಎರಡು ಪ್ರತಿ, ಅಪ್ಪನಿಂದ ಒಂದು ಅಮ್ಮನಿಂದ ಒಂದು, ಸೇರಿದರಷ್ಟೇ ಈ ಕಾಯಿಲೆ ಬರುತ್ತದೆ, ಅವಳಲ್ಲಿ ಇರುವುದು ಒಂದು. ಅವಳ ಕಣ್ಣಿಗೆ ಇದರಿಂದ ಏನೂ ಆಗುವುದಿಲ್ಲ. ಇನ್ನೊಬ್ಬ ಕ್ಯಾರಿಯರ್ ಗಂಡಿನ ಜೊತೆ ಕೂಡಿಸಿದರೆ ಪ್ರತಿ ಮರಿಗೂ ಕುರುಡಾಗುವ ಸಂಭವ ಶೇಕಡಾ 25. ಕ್ಲಿಯರ್ ಗಂಡಿನ ಜೊತೆಯಾದರೆ ಯಾವ ಮರಿಗೂ ಇಲ್ಲ, ಸರಾಸರಿ ಅರ್ಧದಷ್ಟು ಮರಿಗಳು ಕ್ಯಾರಿಯರ್ ಆಗುತ್ತವೆ ಅಷ್ಟೇ. ಹಾಗಾಗಿ ಕ್ಯಾರಿಯರ್ ಅಂದ ಕೂಡಲೇ ಬೇಡ ಅನ್ನಬೇಕಾಗಿಲ್ಲ. ಗಂಡಿನ ವರದಿ ಕಣ್ಣಾರೆ ನೋಡದೆ ಕೂಡಿಸಬಾರದು. ಹಾಗೇ ಎರಡೂ ನಾಯಿಗಳಿಗೆ ಬ್ರೂಸೆಲ್ಲಾ ರಕ್ತಪರೀಕ್ಷೆ ಆಗಲೇಬೇಕು. ಗರ್ಭಪಾತ, ಬಂಜೆತನ ತರುವ ಈ ಸೋಂಕು ಮನುಷ್ಯರಿಗೂ ಹರಡುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಚಿನ್ನಿಯ ಅಂಜಿಕೆ. ಮನೆಯವರ ಜೊತೆ ಅವಳಷ್ಟು ಸಾಧು ಇನ್ನೊಂದಿಲ್ಲ. ಆದರೆ ಗುರುತಿಲ್ಲದವರು ಕೈ ಮೇಲೆತ್ತಿದರೆ ಬಾಲ ಹೊಟ್ಟೆಯಡಿ ಸೇರುತ್ತದೆ. ಪಾತ್ರೆ ಬಿದ್ದ ಸದ್ದಿಗೆ ಮಂಚದ ಕೆಳಗೆ ನುಗ್ಗಿ, ಕಿವಿ ಹಿಂದಕ್ಕೆ ಮಡಚಿ, ಏದುಸಿರು ಬಿಡುತ್ತಾ ಕೂರುತ್ತಾಳೆ. ಇಷ್ಟದ ತಿಂಡಿ ತೋರಿಸಿದರೂ ಮೂಸುವುದಿಲ್ಲ. ಮರಿಯಾಗಿದ್ದಾಗಿನಿಂದ ಹೀಗೆ. ನಾವು ಪ್ರೀತಿಯಿಂದ ಸಂಭಾಳಿಸುತ್ತೇವೆ, ಅದು ಬೇರೆ ಮಾತು. ಅಂಜುಬುರುಕ ಸ್ವಭಾವ ಸ್ವಲ್ಪ ಮಟ್ಟಿಗೆ ರಕ್ತದಲ್ಲೇ ಬರುತ್ತದೆ. ಅದರ ಮೇಲೆ, ಮರಿಗಳು ಜಗತ್ತಿಗೆ ಹೊಂದಿಕೊಳ್ಳುವುದನ್ನು ಕಲಿಯುವ ಮುಖ್ಯ ಕಾಲ ಮೂರನೇ ವಾರದಿಂದ ಹೆಚ್ಚುಕಡಿಮೆ ಹನ್ನೆರಡು-ಹದಿನಾಲ್ಕನೇ ವಾರದವರೆಗೆ. ಆ ಕಾಲದ ಮೊದಲ ಭಾಗವನ್ನು ಅವು ಕಳೆಯುವುದು ತಾಯಿಯ ಮಗ್ಗುಲಲ್ಲಿ. ತಾಯಿ ಬೆಚ್ಚಿದಾಗೆಲ್ಲ ಮರಿಗಳೂ ಬೆಚ್ಚುವುದನ್ನು ಕಲಿಯುತ್ತವೆ. ಸದ್ದಿಗೆ ಹೆದರುವ ನಾಯಿಯನ್ನು ಸಾಕುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹೆದರಿ ಬದುಕುವುದು ನಾಯಿಗೆ ಎಷ್ಟು ಕಷ್ಟ ಎಂಬುದನ್ನು ಅವಳ ಮುಖದಲ್ಲೇ ನೋಡಿದ್ದೇನೆ.

ಬಾಣಂತನದ ಲೆಕ್ಕವನ್ನೂ ಹಾಕಿದೆ. ಗರ್ಭದ ಅವಧಿ ಸುಮಾರು 63 ದಿನ. ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಅಥವಾ ಒಂದು ಮರಿಯಾಗಿ ಎರಡು ಗಂಟೆ ಕಳೆದರೂ ಒಳಗಿರುವ ಇನ್ನೊಂದು ಬರದಿದ್ದರೆ ಆಸ್ಪತ್ರೆಗೆ ಓಡಬೇಕು, ಸಿಸೇರಿಯನ್ ಆಗಬಹುದು. ಹಾಲೂಡುವ ವಾರಗಳಲ್ಲಿ ಕ್ಯಾಲ್ಸಿಯಂ ಕುಸಿದು ತಾಯಿಗೆ ನಡುಕ, ಸೆಳೆತ ಬರಬಹುದು. ಹಾಲಿಲ್ಲದಿದ್ದರೆ ಮೊದಲ ದಿನಗಳಲ್ಲಿ ಎರಡೆರಡು ಗಂಟೆಗೆ ನಾವೇ ಕುಡಿಸಬೇಕು, ರಾತ್ರಿಯೂ ಬಿಡುವಿಲ್ಲ. ರಜೆ ಹಾಕಿ ಇದನ್ನು ನಿಭಾಯಿಸಬಹುದಿತ್ತು.

ನಿಭಾಯಿಸಲು ಕಷ್ಟವಾದದ್ದು ಮನೆಗಳ ಪ್ರಶ್ನೆ. ‘ನಂಗೊಂದು ಮರಿ ಇಟ್ಟಿರು’ ಎಂದವರ ಹೆಸರನ್ನೆಲ್ಲ ಬರೆದುಕೊಂಡು, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದೆ. ಹಗಲು ಮನೆಯಲ್ಲಿ ಯಾರಿರುತ್ತೀರಿ? ಊರಿಗೆ ಹೋದರೆ? ಎಂದಾದರೂ ಸಾಕಲಾಗದಿದ್ದರೆ ನನಗೇ ವಾಪಸ್ ಕೊಡಬೇಕು, ಒಪ್ಪುತ್ತೀರಾ? ನಮ್ಮ ಚಿಕ್ಕಪ್ಪನ ಮಗ ನಕ್ಕು, ‘ಆಗ್ದಿದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ ಬಿಡಕ್ಕ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ’ ಅಂದ. ಒಳ್ಳೆಯ ಹುಡುಗನೇ. ಆದರೂ ಅವನ ಹೆಸರು ಹೊಡೆದು ಹಾಕಿದೆ. ಕೊನೆಗೆ ಪಟ್ಟಿಯಲ್ಲಿ ನಿಂತದ್ದು ಎರಡೇ ಮನೆ. ಲ್ಯಾಬ್ರಡಾರ್ ಒಂದು ಸೂಲಿಗೆ ಏಳೆಂಟು ಮರಿ ಹಾಕುವುದು ಸಾಮಾನ್ಯ. ಒಂದೊಂದೂ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಮಿಕ್ಕ ಮರಿಗಳೆಲ್ಲ ವಾಪಸ್ ಬಂದರೆ ಸಾಕುವ ಜಾಗ, ಶಕ್ತಿ ಎರಡೂ ನಮ್ಮಲ್ಲಿಲ್ಲ.

ಮನೆಯವರೆಲ್ಲ ಕೂತು ಬೇಡ ಎಂದು ನಿರ್ಧರಿಸಿದೆವು. ಕಣ್ಣಿನ ವಿಷಯ ಒಂದೇ ಆಗಿದ್ದರೆ ಕ್ಲಿಯರ್ ಗಂಡನ್ನು ಹುಡುಕುತ್ತಿದ್ದೆ. ಅಣ್ಣನ ಮೊಣಕೈ, ಚಿನ್ನಿಯ ಅಂಜಿಕೆ, ಮನೆಗಳು ಮೂರೂ ಸೇರಿದಾಗ ಅನುಮಾನ ಉಳಿಯಲಿಲ್ಲ. ಇವೆಲ್ಲ ಸರಿಯಿರುವ ನಾಯಿ ಯಾರ ಮನೆಯಲ್ಲಾದರೂ ಇದ್ದು, ಪ್ರತಿ ಮರಿಯ ಹೊಣೆ ಹೊರಲು ಅವರು ಸಿದ್ಧರಿದ್ದರೆ, ಅವರು ಮರಿ ಹಾಕಿಸಬೇಕೆಂದೇ ನನ್ನ ಅಭಿಪ್ರಾಯ. ತಳಿ ಆರೋಗ್ಯವಾಗಿ ಉಳಿಯುವುದು ಅಂಥವರಿಂದ.

ಬೆದೆ ಮುಗಿದು ಮೂರು ತಿಂಗಳಾದ ಮೇಲೆ, ಹಾರ್ಮೋನು ತಣ್ಣಗಿರುವ ಕಾಲದಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆಮೇಲೆ ತೂಕ ಬೇಗ ಏರುತ್ತದೆಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ಈಗ ಊಟವನ್ನು ಅಳೆದೇ ಹಾಕುತ್ತೇವೆ.

ವರದಿಗಳ ಪ್ರತಿಯನ್ನು ಚಿನ್ನಿಯನ್ನು ಕೊಟ್ಟವರಿಗೂ, ಒಡಹುಟ್ಟಿದ ಮರಿಗಳ ಮನೆಯವರಿಗೂ ಕಳಿಸಿದೆ. ಚಿನ್ನಿಯಲ್ಲಿರುವ ಪಿ.ಆರ್.ಎ. ಪ್ರತಿ ಅವಳ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕಲ್ಲ. ಚಿನ್ನಿಯನ್ನು ಕೊಟ್ಟವರು ಬೇಸರಪಡದೆ ತಾಯಿನಾಯಿಗೂ ಪರೀಕ್ಷೆ ಮಾಡಿಸಿದರು. ಅದೂ ಕ್ಯಾರಿಯರ್. ಮೊಣಕೈ ಎಕ್ಸ್‌ರೇ ಆಗುವವರೆಗೆ ಅದನ್ನು ಮತ್ತೆ ಕ್ರಾಸ್ ಮಾಡಿಸುವುದಿಲ್ಲ ಎಂದು ನನಗೆ ಫೋನ್ ಮಾಡಿ ಹೇಳಿದರು.